ಕಲ್ಲಿಗೆ ಕೊಡುವ ಚಿತ್ರ

ಚಿಯಾತುರಾದ ಸ್ಟುಡಿಯೋದಲ್ಲಿ ಇಪ್ಪತ್ತೆರಡು ವರ್ಷ
ನನ್ನ ಕೆಲಸ ಬಣ್ಣ ಹಚ್ಚುವುದಾಗಿತ್ತು.
ಕತ್ತಲಕೋಣೆಯಿಂದ ಒದ್ದೆಯಾಗಿ ಬರುತ್ತಿದ್ದಳು
ಕಪ್ಪು ಬಿಳುಪಿನ ಮದುಮಗಳು.
ಹತ್ತಿ ಸುತ್ತಿದ ಕಡ್ಡಿಯಲ್ಲಿ ತುಟಿಗೆ ಒಂದಿಷ್ಟು ಕೆಂಪು,
ಕೆನ್ನೆಗೆ ಅದೇ ಕಡ್ಡಿ ತೊಳೆದ ನೀರು.
ಕಣ್ಣಿನ ಬಣ್ಣ ಕೇಳಿ
ಚಿತ್ರದ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದೆ.
ಎಷ್ಟೋ ಗಂಡಂದಿರಿಗೆ ಗೊತ್ತೇ ಇರುತ್ತಿರಲಿಲ್ಲ.
ಆಗ ಕಂದು ಹಚ್ಚುತ್ತಿದ್ದೆ.
ಯಾರೂ ಜಗಳಕ್ಕೆ ಬರಲಿಲ್ಲ.

ಈಗ ಮೊಮ್ಮಗ ಸಾಬಾ ಕೊಡಿಸಿದ ಡಿಜಿಟಲ್ ಕ್ಯಾಮೆರಾ.
ಅದಕ್ಕೆ ಎಲ್ಲರ ಬಣ್ಣವೂ ಗೊತ್ತು,
ಕೇಳುವ ಮೊದಲೇ ಹೇಳುತ್ತದೆ, ಎದುರುಮನೆಯ ಗುಲಿಕೋ ಹಾಗೆ.
ಪುಣ್ಯಕ್ಕೆ, ಬಾಯಿ ಮುಚ್ಚಿಸಲು ಒಂದು ಗುಂಡಿ ಇದೆ.
ಒತ್ತಿದರೆ ಹಿಂಬದಿಯ ಪುಟ್ಟ ಪರದೆಯಲ್ಲಿ ಊರೆಲ್ಲ ಬೂದಿ:
ಮ್ಯಾಂಗನೀಸ್ ಧೂಳು ಕುಡಿದ ಕಿಟಕಿಗಳು,
ತಂತಿಯ ಮೇಲೆ ನಿಂತೇ ಹೋದ ಕೇಬಲ್ ಕಾರು,
ಅದಿರು ತೊಳೆದು ತೊಳೆದು ಕಪ್ಪಾದ ಕ್ವಿರಿಲಾ ನದಿ.
ಇವಕ್ಕೆ ಗುಂಡಿ ಒತ್ತಿದರೂ ಒಂದೇ, ಬಿಟ್ಟರೂ ಒಂದೇ.
ಬಾಲ್ಕನಿಗಳಲ್ಲಿ ಒಣಗುವ ಬಟ್ಟೆಗೆ ಮಾತ್ರ ನಷ್ಟ.

"ಹಚ್ಚುತ್ತಿದ್ದವಳು ಅಳಿಸುವವಳಾದೆ, ಅಜ್ಜಿ" ಎಂದು ಸಾಬಾ ನಗುತ್ತಾನೆ.
ನಗಲಿ.

ಅಕ್ಟೋಬರಿನಲ್ಲಿ ಜುಂಬೆರ್ ಬಂದ, ಕ್ಷೌರ ಮಾಡಿಸಿಕೊಂಡು,
ಕೈಯಲ್ಲೊಂದು ಚೀಲ ಅಕ್ರೋಟು.
"ಗೋರಿಕಲ್ಲಿಗೆ ಚಿತ್ರ ಬೇಕು. ಹಲ್ಲು ಇರುವಾಗಲೇ ತೆಗೆದುಬಿಡು.
ನಾನು ಹೋದ ಮೇಲೆ ಇವರು ಪಾಸ್‌ಪೋರ್ಟಿನದ್ದು ಕೊಡುತ್ತಾರೆ,
ಅದರಲ್ಲಿ ಕಳ್ಳನ ಹಾಗಿದ್ದೇನೆ."
ಉತ್ತರದ ಕಿಟಕಿಯ ಪಕ್ಕ ಕೂರಿಸಿದೆ.
ಮೈಮೇಲೆ ಹೆಂಡತಿ ಎತೆರಿ ಹೆಣೆದ ಸ್ವೆಟರ್,
ಅದರ ಬಣ್ಣ ಈಗ ಹೇಳುವುದಿಲ್ಲ.

ಮೆನುವಿನಲ್ಲಿ ಫಿಲ್ಟರುಗಳಿವೆ, ಗಾಜಿಲ್ಲ, ಬರೀ ಹೆಸರು.
ಹಸಿರು ಇಟ್ಟೆ: ಮುಖ ಉತ್ತ ಹೊಲ, ಮೂಗು ಮಸಿ.
ಕೆಂಪು ಇಟ್ಟೆ: ಚರ್ಮ ಹಾಲಾಯಿತು,
ಕುಡುಕ ಮೂಗು ಸಭ್ಯವಾಯಿತು, ಹತ್ತು ವರ್ಷ ಉದುರಿಹೋದವು.
ಆದರೆ ಎಡಗೆನ್ನೆಯಲ್ಲಿ
ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ಎದ್ದುಬಂದವು.
ನಲವತ್ತು ವರ್ಷ ನೋಡಿದ ಮುಖ,
ಇವನ್ನು ನೋಡಿರಲಿಲ್ಲ.

"ಅದಾ? ಎಂಬತ್ತಮೂರರ ಸಿಡಿತ. ಅದಿರು ಒಳಗೇ ಉಳಿಯಿತು.
ನೀಲಿ ಇದ್ದವು, ಈಗ ಕನ್ನಡಿಗೂ ಕಾಣುವುದಿಲ್ಲ.
ಹದಿನೇಳು ಇರಬೇಕು. ಎತೆರಿ ಒಮ್ಮೆ ಎಣಿಸಿದ್ದಳು,
ಮದುವೆಯ ಹೊಸತರಲ್ಲಿ."
ಆಮೇಲೆ, ಕಿಟಕಿಯ ಕಡೆ ತಿರುಗಿ,
"ಪಕ್ಕದಲ್ಲಿದ್ದವನ ಕಲ್ಲು ಆಗಲೇ ಆಯಿತು."

ಅಳಿಸಬಲ್ಲೆ, ಒಂದು ನಿಮಿಷದ ಕೆಲಸ, ಅಂದೆ.
ಅವನು ಅಂಗೈಯಲ್ಲಿ ಅಕ್ರೋಟು ಒಡೆಯುತ್ತಿದ್ದ.

ರಾತ್ರಿ ಕಂಪ್ಯೂಟರಿನಲ್ಲಿ ಮೂಲ ಕಡತ ತೆರೆದರೆ
ಬಣ್ಣ ಬಯಲು.
ಕ್ಯಾಮೆರಾ ಬಾಯಿ ಮುಚ್ಚಿತ್ತೇ ಹೊರತು ಏನನ್ನೂ ಮರೆತಿರಲಿಲ್ಲ.
ಸ್ವೆಟರ್ ದಾಳಿಂಬೆ ಕೆಂಪು.
ಕಣ್ಣು ಹಸಿರು, ತುಸು ಹಳದಿ ಕಲಸಿದ ಹಸಿರು.

ಎದ್ದು ಹೋಗಿ ಹಳೆಯ ಪೆಟ್ಟಿಗೆಯಲ್ಲಿ
ಅವರ ಮದುವೆಯ ಚಿತ್ರದ ಪ್ರತಿ ಹುಡುಕಿದೆ.
ನನ್ನದೇ ಕೈ. ಕೆನ್ನೆಗೆ ದಪ್ಪಗೆ ಬಳಿದಿದ್ದೇನೆ.
ಬೆನ್ನಿನ ಮೇಲೆ ಏನೂ ಬರೆದಿಲ್ಲ.
ಕಣ್ಣು ಕಂದು.
ಇಷ್ಟು ಕಾಲ ಎತೆರಿ, ಗೋಡೆಯ ಮೇಲೆ,
ಬೇರೆ ಯಾವನದೋ ಕಣ್ಣಿನ ಧೂಳು ಒರೆಸಿದ್ದಾಳೆ.

ಬೆಳಿಗ್ಗೆ ಬೂದು ಪ್ರತಿಯನ್ನು ಬದ್ರಿಗೆ ಕೊಟ್ಟೆ.
ಅವನದು ನುಣುಪಾದ ಕರಿಕಲ್ಲು, ವಜ್ರದ ಮೊನೆ.
ಬೆಳಕು ಬಿದ್ದಲ್ಲೆಲ್ಲ ಚುಚ್ಚುತ್ತಾನೆ,
ಚುಚ್ಚಿದಲ್ಲಿ ಬಿಳುಪು.
ನೆರಳು ಬಂದರೆ ಸುಮ್ಮನಿರುತ್ತಾನೆ.
"ಕೆನ್ನೆಯ ಮೇಲೆ ಇದೇನು, ಲೆನ್ಸಿನ ಧೂಳಾ?"
ಅಲ್ಲ. ಹದಿನೇಳು ಕಡೆ ಕೈ ಎತ್ತಿಬಿಡು, ಅಂದೆ.
ಕಲ್ಲು ಕಲ್ಲಾಗಿಯೇ ಇರಲಿ.

ಬದ್ರಿ ಚಿತ್ರವನ್ನು ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತ ಎಣಿಸಿದ.
ಚುಚ್ಚದ ಚುಕ್ಕೆಗೆ ಕೂಲಿ ಹೆಚ್ಚು, ಅಂದ.